ಸಂಕವಿಲ್ಲದ ಊರಿಗೆ ಐದಕ್ಕೆ ನಾಲ್ಕೂ ಮುಕ್ಕಾಲು ಸಂತೋಷ

ಮಾನ್ಯ ಸಂಶೋಧನಾ ನಿರ್ದೇಶಕರೇ,

ನಮ್ಮ ಸಂಸ್ಥೆ ಕಳೆದ ಆಗಸ್ಟಿನಲ್ಲಿ ಹೊರತಂದ ವರದಿಯ ಐವತ್ತೆರಡನೆಯ ಪುಟದಲ್ಲಿ ಒಂದು ಸುಳ್ಳಿದೆ. ಅದನ್ನು ಬರೆದವನು ನಾನು. ತಿದ್ದಲು ಬಿಡದವರು ನೀವು. ಇದೇ ತಿಂಗಳ ಇಪ್ಪತ್ತೆಂಟರಂದು ಆ ಸುಳ್ಳನ್ನು ನಂಬಿಕೊಂಡು ಹಳ್ಳಗಳಿಗೆ ಕಾಲುಸೇತುವೆ ಕಟ್ಟಿಸುವ ಕಾಲುಸಂಕ ನಿಧಿಯ ಸಮಿತಿಯು ಹನ್ನೊಂದು ಊರುಗಳನ್ನು ಆರಿಸಲಿದೆ. ಸಕಲೇಶಪುರ ತಾಲ್ಲೂಕಿನ ಹೆಗ್ಗದ್ದೆಯಾಚೆ ಇರುವ ಕಿರುಹಡ್ಲು ಎಂಬ ಇಪ್ಪತ್ತಮೂರು ಮನೆಗಳ ಊರು ಆ ಹನ್ನೊಂದರಲ್ಲಿ ಇರುವುದಿಲ್ಲ. ಈ ವಿಷಯವನ್ನು ಮೂರು ಸಲ ಕಚೇರಿಯ ಒಳಗಿನಿಂದಲೇ ತಮಗೆ ಬರೆದೆ. ಮೂರು ಸಲವೂ ಉತ್ತರ ಬಂತು. ಓದಿದ ಗುರುತು ಮಾತ್ರ ಕಾಣಲಿಲ್ಲ. ಆದ್ದರಿಂದ ನಾಲ್ಕನೆಯ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಸಿಬ್ಬಂದಿ ನಿಯಮಾವಳಿಯ ಪ್ರಕಾರ ಇದು ತಪ್ಪೆಂದು ಬಲ್ಲೆ. ಆ ನಿಯಮಾವಳಿಯನ್ನು ಕನ್ನಡಕ್ಕೆ ತಂದವನೂ ನಾನೇ.

ಪತ್ರಿಕೆಯ ಓದುಗರಿಗೆ ನನ್ನ ಉದ್ಯೋಗ ಯಾವುದೆಂದು ಮೊದಲು ಹೇಳಿಬಿಡಬೇಕು. ನಾನು ಆಲೂರು ತಾಲ್ಲೂಕಿನ ಕುಂದೂರು ಹೋಬಳಿಯವನು. ಅಂತರರಾಷ್ಟ್ರೀಯ ಅಭಿವೃದ್ಧಿ ಸಂಶೋಧನಾ ಸಂಸ್ಥೆಯೊಂದರಲ್ಲಿ ಹಿರಿಯ ಅರ್ಥಶಾಸ್ತ್ರಜ್ಞ. ಹಳ್ಳಿಗೆ ಏನು ಬೇಕೆಂದು ಹಳ್ಳಿಯವರನ್ನು ಕೇಳುವುದು, ಅವರು ಹೇಳಿದ್ದನ್ನು ಅಂಕಿ ಮಾಡುವುದು, ಅಂಕಿಯನ್ನು ಕೋಷ್ಟಕ ಮಾಡುವುದು, ಕೋಷ್ಟಕವನ್ನು ದಪ್ಪ ಇಂಗ್ಲಿಷಿನ ವರದಿ ಮಾಡಿ, ಆ ಹಳ್ಳಿಗೆ ಎಂದೂ ಹೋಗದವರ ಕೈಗೆ ಕೊಡುವುದು ನನ್ನ ಕೆಲಸ. ಹದಿನೆಂಟು ವರ್ಷಗಳಿಂದ ಒಂಬತ್ತು ದೇಶಗಳಲ್ಲಿ ಇದನ್ನು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಅವ್ವ ತಾಯಮ್ಮನಿಗೆ ಇದನ್ನು ವಿವರಿಸಲು ಒಂದು ಮಧ್ಯಾಹ್ನವೆಲ್ಲ ಹೆಣಗಿದ್ದೆ. ಅವ್ವ ಕೊನೆಗೆ ಕೇಳಿದಳು: "ಜನ್ರ ಕಷ್ಟ ಕೇಳೋದೇ ಕೆಲ್ಸವೇನೋ? ಅದ್ಕೆ ಸಂಬ್ಳಾನೂ ಕೊಡ್ತಾರಾ? ನಾನು ಮೂವತ್ತು ವರ್ಷದಿಂದ ಈ ಜಗಲಿ ಮೇಲೆ ಕೂತು ಬಿಟ್ಟಿ ಕೇಳ್ತಾ ಇದ್ದೀನಲ್ಲೋ ಮಾರಾಯ." ಆಗ ನಕ್ಕಿದ್ದೆ. ಅವಳು ಬಿಟ್ಟಿಯಾಗಿ ಕಲಿತದ್ದನ್ನು ನಾನು ಸಂಬಳ ತೆಗೆದುಕೊಂಡೂ ಮರೆತದ್ದು ಹೇಗೆ ಎಂಬುದೇ ಈ ಪತ್ರದ ಕಥೆ.

ಎರಡು ಸಾವಿರನೆಯ ಇಸವಿಯ ನವೆಂಬರಿನಲ್ಲಿ ಘಟ್ಟದಂಚಿನ ನಲವತ್ತಮೂರು ಊರುಗಳಲ್ಲಿ ನಾವು ಸಮೀಕ್ಷೆ ಮಾಡಿದೆವು. ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಕಡಿದುಹೋಗುವ ಊರುಗಳು ಇವು. ಅವುಗಳಲ್ಲಿ ಹನ್ನೊಂದಕ್ಕೆ ಕಬ್ಬಿಣದ ಹಗ್ಗದ ಕಾಲುಸಂಕ ಕಟ್ಟಿಸಿಕೊಡಲು ನಿಧಿಯೊಂದು ಮುಂದೆ ಬಂದಿತ್ತು. ಯಾವ ಊರಿನ ಕಷ್ಟ ಹೆಚ್ಚೆಂದು ಅಳೆದು ಕೊಡುವ ಹೊಣೆ ನಮ್ಮದು. ಅಳೆಯುವ ಸಾಧನವನ್ನು ಸಮುದ್ರದಂಡೆಯ ದೊಡ್ಡ ಹೋಟೆಲೊಂದರಲ್ಲಿ ಮೂರು ದಿನ ಕೂತು ರೂಪಿಸಲಾಯಿತು. ತಮಗೆ ನೆನಪಿರಬಹುದು, ಅಲ್ಲಿನ ಸಿಗಡಿ ಚೆನ್ನಾಗಿದೆ ಎಂದು ತಾವು ಎರಡು ಸಲ ಹೇಳಿದ್ದಿರಿ. ಸಾಧನವೆಂದರೆ ಐದು ಕಾರ್ಡು. ಒಂದನೆಯದರಲ್ಲಿ ಗಳಗಳ ಅಳುವ ಮುಖ, ಐದನೆಯದರಲ್ಲಿ ಹಲ್ಲು ಬಿಟ್ಟು ನಗುವ ಮುಖ, ನಡುವೆ ಮೂರು ನಮ್ಮಂಥ ಸಂಬಳದಾರರ ಮುಖ. "ಹಳ್ಳ ದಾಟುವ ವಿಷಯದಲ್ಲಿ ನಿಮ್ಮ ಮನಸ್ಸಿಗೆ ಹತ್ತಿರವಾದ ಮುಖವನ್ನು ತೋರಿಸಿ" ಎಂಬುದು ಪ್ರಶ್ನೆ. ಓದು ಬರಹ ಬಾರದವರಿಗೂ ಅನುಕೂಲವಾಗಲಿ ಎಂಬ ಕಾಳಜಿ. ಬೆರಳು ತೋರಿಸಿದರೆ ಸಾಕು, ಮನುಷ್ಯನ ಸುಖದುಃಖ ಪೆಟ್ಟಿಗೆಗೆ ಬಿದ್ದಹಾಗೆ.

ಕಿರುಹಡ್ಲಿನಲ್ಲಿ ಹದಿನೇಳನೆಯ ನಮೂನೆ ಲಕ್ಕಪ್ಪ ಎಂಬವರ ಮನೆಯದು. ಮೇಲ್ವಿಚಾರಣೆಗೆಂದು ಅಂದು ನಾನೂ ಹೋಗಿದ್ದೆ. ನಮೂನೆ ತುಂಬುವವಳು ಸಕಲೇಶಪುರದ ಹೇಮಶ್ರೀ, ಪದವಿ ಮುಗಿಸಿದ ಚುರುಕು ಹುಡುಗಿ. ಕಾಫಿ ಹಣ್ಣು ಕೊಯ್ಲಿನ ಕಾಲ. ಹಗಲಲ್ಲಿ ಇಡೀ ಊರು ಎಸ್ಟೇಟಿನಲ್ಲಿರುತ್ತದೆ. ಹಾಗಾಗಿ ಮನೆಮನೆಗೆ ಹೋಗುವುದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಹೇಮಶ್ರೀ ಚಾಪೆಯ ಮೇಲೆ ಐದೂ ಮುಖಗಳನ್ನು ಸಾಲಾಗಿ ಹಾಸಿದಳು. ಲಕ್ಕಪ್ಪನವರ ಹೆಂಡತಿ ರಾಜಲಕ್ಷ್ಮಮ್ಮ ಕಾಫಿ ತಂದವರು ನೋಡಿ ನಿಂತುಬಿಟ್ಟರು.

"ಇದೇನವ್ವ ಇದು, ದೀಪ ಹಚ್ಚೋ ಹೊತ್ನಲ್ಲಿ ಅಳೋ ಮಖ ತಂದು ಮನೆ ಒಳಗೆ ಹಾಸಿದ್ದೀಯಲ್ಲ" ಎಂದವರೇ ಬಗ್ಗಿ ಆ ಕಾರ್ಡನ್ನು ಕವುಚಿ ಹಾಕಿ, ಅದರ ಮೇಲೊಂದು ಲೋಟ ಕಾಫಿ ಇಟ್ಟರು.

"ಅಮ್ಮ, ಅದನ್ನ ತೆಗೆಯೋ ಹಾಗಿಲ್ಲ. ಐದೂ ಕಾಣಬೇಕು" ಎಂದಳು ಹೇಮಶ್ರೀ.

"ತೆಗ್ದಿಲ್ಲ ಕಣವ್ವ. ಅಲ್ಲೇ ಐತೆ, ಲೋಟದ ಕೆಳಗೆ. ಬೇಕಾದೋರು ಕಾಫಿ ಕುಡ್ದು ಎತ್ಕೊಳ್ಳಿ."

ಲಕ್ಕಪ್ಪ ಉಳಿದ ನಾಲ್ಕನ್ನು ಸಂತೆಯಲ್ಲಿ ಕೋಳಿ ನೋಡುವವರಂತೆ ನೋಡಿದರು. "ಬಂದೋರ ಮುಂದೆ ನಮ್ದೇನು ಗೋಳು. ಸುಖವಾಗಿದ್ದೀವಿ ಅಂತ ಬರ್ಕೊಳಿ. ಆ ಹಲ್ಲು ಕಿಸಿಯೋನನ್ನೇ ಹಾಕಿ" ಎಂದು ಐದನೆಯದರ ಮೇಲೆ ಬೆರಳಿಟ್ಟರು. ಹೇಮಶ್ರೀ ಐದು ಎಂದು ಬರೆದಳು. ನನ್ನ ಕಿವಿಯಲ್ಲಿ, "ಸರ್, ಈ ಊರಲ್ಲಿ ಎಲ್ರೂ ಐದೇ ತೋರಿಸ್ತಿದ್ದಾರೆ. ಒಂದು ಮನೇಲಿ ಮಾತ್ರ ಮೂರು ಬಂತು, ಅವ್ರಿಗೆ ಕಣ್ಣು ಮಂಜು" ಎಂದಳು. ನಾನು, ಅಂತರರಾಷ್ಟ್ರೀಯ ಅನುಭವದ ಹಿರಿಯ ಅರ್ಥಶಾಸ್ತ್ರಜ್ಞ, ತಲೆಯಾಡಿಸಿ ರೊಟ್ಟಿಗೆ ಕೈ ಹಾಕಿದೆ.

ಊಟವಾಯಿತು, ಹೊರಟೆವು. ಲಕ್ಕಪ್ಪ ಬ್ಯಾಟರಿ ಹಿಡಿದು ಹಳ್ಳದವರೆಗೆ ಕಳುಹಿಸಲು ಬಂದರು. ಬೇಲಿ ದಾಟಿ ನೂರು ಹೆಜ್ಜೆ ಹೋಗಿರಬೇಕು, ಹಳ್ಳದ ಹತ್ತಿರದ ಒಂದು ಚಪ್ಪಟೆ ಬಂಡೆಯ ಮೇಲೆ ಬೆಳಕು ಬಿಟ್ಟು, "ಹುಷಾರು, ಜಾರುತ್ತೆ. ನನ್ನ ಮೊಮ್ಮಗ ಹುಟ್ಟಿದ್ದು ಇದ್ರ ಮೇಲೇ" ಎಂದರು.

ನಾವಿಬ್ಬರೂ ನಿಂತೆವು. ಅವರು ನಡೆಯುತ್ತಲೇ ಹೇಳಿದರು. ಹಿಂದಿನ ವರ್ಷದ ಆಷಾಢದಲ್ಲಿ ಸೊಸೆ ಗಂಗಾಮಣಿಗೆ ನೋವು ಬಂತು. ಸಂಕವೆಂದು ಹಾಕಿದ್ದ ಮರದ ದಿಮ್ಮಿ ಹಿಂದಿನ ದಿನವೇ ಕೊಚ್ಚಿಹೋಗಿತ್ತು. ಆಚೆ ದಡದಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಜೀಪು ತಂದು ನಿಲ್ಲಿಸಿಕೊಂಡಿದ್ದಾರೆ, ಈಚೆ ದಡದಲ್ಲಿ ನಾಲ್ಕು ಜನ ಕಂಬಳಿಯಲ್ಲಿ ಗಂಗಾಮಣಿಯನ್ನು ಹೊತ್ತು ನಿಂತಿದ್ದಾರೆ, ನಡುವೆ ಹಳ್ಳ. ಮಗು ಕಾಯಲಿಲ್ಲ. "ನನ್ನ ಮಗ ರವಿಚಂದ್ರ ಸಂತೋಷಕ್ಕೆ ಎರ್ಡೂ ಕೈ ಎತ್ತಿ ಕುಣ್ದ. ರೈಟ್ರು ಅವಳಿ ಅಂದ್ಕೊಂಡು ಹೆಗ್ಗದ್ದೆಗೆಲ್ಲಾ ಹೇಳ್ಬುಟ್ರು. ಎರಡು ಟೋಪಿ ಬಂತು ನೋಡಿ, ಒಂದು ಇನ್ನೂ ಹಂಗೇ ಐತೆ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಆವತ್ತು ರಕ್ತ ನಿಲ್ಲದೆ ಅವ್ಳ ಕೈಕಾಲು ತಣ್ಣಗಾಗ್ಬುಟ್ಟಿತ್ತು. ನೀರು ಇಳೀಲಿ ಅಂತ ಮಾರನೇ ದಿನದ ಮಧ್ಯಾಹ್ನದವರ್ಗೂ ಕಾದ್ವಿ. ಉಳ್ಕೊಂಡ್ಳು, ಅವಳ ಗಟ್ಟಿತನ" ಎಂದರು.

"ಅಜ್ಜ, ಇದನ್ನ ಒಳಗೇ ಹೇಳ್ಬಾರ್ದಾಗಿತ್ತಾ?" ಎಂದಳು ಹೇಮಶ್ರೀ.

"ಒಳಗೆ ನೀವು ನೆಂಟ್ರು ಕಣವ್ವ. ಇಲ್ಲಿ ಜೊತೇಲಿ ನಡೆಯೋರು."

ನಿರ್ದೇಶಕರೇ, ಈ ಮಾತನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಕಡೆ ಯಾರನ್ನೂ ಬಾಗಿಲಿನಿಂದಲೇ ಕಳುಹಿಸುವುದಿಲ್ಲ. ಬೇಲಿಯ ತನಕ, ಗದ್ದೆಯ ಬದುವಿನ ತನಕ, ಬಸ್ಸು ನಿಲ್ಲುವ ಮರದ ತನಕ ಜೊತೆಗೆ ಹೋಗುತ್ತಾರೆ. ನಿಜವಾದ ಮಾತು ನಡೆಯುವುದು ಆ ದಾರಿಯಲ್ಲಿ. ಅಣ್ಣತಮ್ಮಂದಿರ ಜಗಳ, ಮಗಳ ಗಂಡನ ಕುಡಿತ, ಎದೆಯಲ್ಲಿ ಹಿಡಿದುಕೊಂಡ ನೋವು, ಇವೆಲ್ಲ ಬರುವುದು ಚಪ್ಪಲಿ ಮೆಟ್ಟಿದ ಮೇಲೆ. "ಬಂದೋರ ಮುಂದೆ ಅಳ್ಬಾರ್ದು, ಹೋಗೋರ ಹತ್ರ ಹೇಳ್ಬೌದು" ಎನ್ನುತ್ತಿದ್ದಳು ಅವ್ವ. ಬಂದವನು ಉಣ್ಣಬೇಕು, ಗೋಳು ಕೇಳಿದರೆ ಅನ್ನ ಇಳಿಯುವುದಿಲ್ಲ. ಹೋಗುವವನು ಹೊಟ್ಟೆ ತುಂಬಿರುತ್ತಾನೆ, ಸ್ವಲ್ಪ ಭಾರ ಹೊರಬಲ್ಲ. ಇಷ್ಟು ಸರಳ. ಈ ಮರ್ಯಾದೆಯಲ್ಲೇ ಬೆಳೆದ ನಾನು, ಅದೇ ಜನರ ಮುಂದೆ ದೀಪ ಹಚ್ಚುವ ಹೊತ್ತಿನಲ್ಲಿ, ಊಟಕ್ಕೆ ಮೊದಲು, ಅಳುವ ಮುಖ ಹಾಸುವ ಪ್ರಶ್ನಾವಳಿಗೆ ಸಹಿ ಹಾಕಿದೆ. ಹೊರದೇಶದವನು ಮಾಡಿದ್ದರೆ ಅದು ಅಜ್ಞಾನವಾಗುತ್ತಿತ್ತು. ನಾನು ಮಾಡಿದ್ದಕ್ಕೆ ಹೆಸರು ಬೇರೆ.

ಆ ಬಂಡೆಯ ಸಂಗತಿಯನ್ನು ನಮೂನೆಯ ಅಂಚಿನಲ್ಲಿ ನನ್ನ ಕೈಯಾರೆ ಬರೆದೆ. ಅಂಚಿನ ಬರಹಕ್ಕೆ ಕೋಡ್ ಸಂಖ್ಯೆ ಇಲ್ಲವೆಂದು ಗಣಕದ ವಿಭಾಗದಲ್ಲಿ ಅದನ್ನು ಬಿಟ್ಟರು. ಬಿಟ್ಟಿದ್ದಾರೆಂದು ನನಗೆ ಗೊತ್ತಾಯಿತು, ನಾನೂ ಬಿಟ್ಟೆ. ಯಾಕೆಂದು ಕೇಳಿದರೆ ನಾಚಿಕೆಯಾಗುತ್ತದೆ: ನಾಲ್ಕು ಸಾವಿರ ನಮೂನೆಗಳ ನಡುವೆ ನಮ್ಮ ಸೀಮೆಯ ಊರು ಐದಕ್ಕೆ ನಾಲ್ಕೂ ಮುಕ್ಕಾಲು ಸಂತೋಷ ಪಡೆದು ಮೊದಲ ಸ್ಥಾನದಲ್ಲಿ ನಿಂತಿದ್ದು ಕಂಡು ಒಳಗೊಳಗೇ ಹೆಮ್ಮೆಯಾಗಿತ್ತು. ತಮಗೂ ಆಯಿತು. ಐವತ್ತೆರಡನೆಯ ಪುಟದಲ್ಲಿ ಚೌಕಟ್ಟು ಹಾಕಿಸಿ 'ತೃಪ್ತಿಯ ಘಟ್ಟ: ಕೊರತೆಯ ನಡುವೆಯೂ ನಗುವ ಸಮುದಾಯ' ಎಂದು ಬರೆಸಿದಿರಿ. ಅದನ್ನೇ ಮೂರು ದೇಶಗಳಲ್ಲಿ ಭಾಷಣ ಮಾಡಿದಿರಿ. ಒಂದು ಕಡೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಸಂಕವಿಲ್ಲದ ಊರು ಅಷ್ಟು ದೂರ ದಾಟಿ ಹೋಗಿದ್ದು ಅದೊಂದೇ ಸಲ.

ಚಪ್ಪಾಳೆಯ ಫಲ ಇಷ್ಟು: ಸಮಿತಿ ಕೊಡುವ ನೂರು ಅಂಕಗಳಲ್ಲಿ ನಲವತ್ತು 'ಜನರೇ ಹೇಳಿಕೊಂಡ ತೊಂದರೆ'ಗೆ. ಕಿರುಹಡ್ಲಿಗೆ ನಲವತ್ತಕ್ಕೆ ಎರಡು ಬಂತು. ನಲವತ್ತಮೂರು ಊರುಗಳಲ್ಲಿ ನಲವತ್ತಮೂರನೆಯ ಸ್ಥಾನ.

ಇಂಥದ್ದಕ್ಕೆ ಅವ್ವನ ಹತ್ತಿರ ಒಂದು ಕಥೆ ಇತ್ತು. ಒಬ್ಬ ರಾಜ ವರ್ಷಕ್ಕೊಮ್ಮೆ ಆನೆಯ ಮೇಲೆ ಊರೂರಿಗೆ ಬಂದು "ಸುಖವೇ?" ಎಂದು ಕೇಳುತ್ತಿದ್ದನಂತೆ. ಆನೆಯ ಎತ್ತರಕ್ಕೆ ಕತ್ತೆತ್ತಿ ಎಲ್ಲರೂ "ಸುಖ" ಎನ್ನುತ್ತಿದ್ದರು. ಅವನು ಮುಂದಕ್ಕೆ ಹೋಗುತ್ತಿದ್ದ. ಒಂದು ವರ್ಷ ಆನೆ ಕೆಸರಿನಲ್ಲಿ ಹೂತುಕೊಂಡಿತು. ರಾಜ ಇಳಿದ, ಜನರ ಜೊತೆ ಹೆಗಲು ಕೊಟ್ಟು ನೂಕಿದ. ನೂಕುವಾಗ ಪಕ್ಕದವನು ಏದುಸಿರಿನಲ್ಲೇ "ಹೋದ ವರ್ಷ ಇಲ್ಲೇ ನನ್ನ ಎತ್ತೂ ಹೂತಿತ್ತು, ಸ್ವಾಮಿ" ಎಂದ. ಇನ್ನೊಬ್ಬ ಇನ್ನೊಂದು ಹೇಳಿದ. ಆನೆ ಮೇಲೆ ಬರುವ ಹೊತ್ತಿಗೆ ರಾಜನಿಗೆ ರಾಜ್ಯದ ವಿಷಯವೆಲ್ಲ ಗೊತ್ತಾಗಿತ್ತು. ಮಾರನೆಯ ವರ್ಷದಿಂದ ಅವನು ಮಂತ್ರಿಗೆ ಹೇಳಿ ಪ್ರತಿ ಊರಿನ ಬಾಗಿಲಲ್ಲೂ ಕೆಸರು ಮಾಡಿಸುತ್ತಿದ್ದನಂತೆ. ನಮ್ಮ ಸಂಸ್ಥೆಗೆ ಆನೆ ಇಲ್ಲ. ತಣ್ಣನೆಯ ಗಾಳಿ ಬೀಸುವ ಜೀಪಿದೆ. ಅದು ಹೂತುಕೊಳ್ಳುವ ಜಾಗಕ್ಕೆ ಹೋಗಬಾರದೆಂದು ವಿಮೆಯ ಕರಾರಿದೆ. ಹೀಗಿರುವಾಗ ನಮಗೆ ಬುದ್ಧಿ ಎಲ್ಲಿಂದ ಬರಬೇಕು?

ನನಗಂತೂ ತಡವಾಗಿ ಬಂತು. ಈ ಜನವರಿಯಲ್ಲಿ ರಜೆ ಹಾಕಿ, ಹೇಮಶ್ರೀಯನ್ನೂ ಕರೆದುಕೊಂಡು ಕಿರುಹಡ್ಲಿಗೆ ಮತ್ತೆ ಹೋದೆ. ಈ ಸಲ ವಿಧಾನ ಬೇರೆ. ಮನೆಗೆ ಹೋಗುವುದು, ಏನನ್ನೂ ಕೇಳದಿರುವುದು, ಉಣ್ಣುವುದು, ಹೊರಡುವುದು. ಕಳುಹಿಸಲು ಬಂದವರೊಡನೆ ನಡೆಯುತ್ತ ಅದೇ ಪ್ರಶ್ನೆ ಕೇಳಿ ಅದೇ ಐದು ಕಾರ್ಡು ಹಿಡಿಯುವುದು. ವರದಿಯಲ್ಲಿ ಹಾಕುವಂತೆ ಇದಕ್ಕೆ 'ನಿರ್ಗಮನಕಾಲೀನ ಪಾದಚಾರಿ ಸಂದರ್ಶನ' ಎಂದು ಹೆಸರನ್ನೂ ಇಟ್ಟಿದ್ದೇನೆ. ಹೆಸರು ಉದ್ದವಿದ್ದರೆ ನಮ್ಮಲ್ಲಿ ಗೌರವ. ನಾಲ್ಕು ದಿನದಲ್ಲಿ ಇಪ್ಪತ್ತಮೂರು ಮನೆ. ಮೂರನೆಯ ದಿನ ಕಡುಬು ಕಂಡರೆ ಹೇಮಶ್ರೀ ಕಣ್ಣಲ್ಲಿ ನೀರು ಬರುತ್ತಿತ್ತು. "ಸರ್, ಮುಂದಿನ ಸಲ ಊರಿನ ಅರ್ಧದಷ್ಟು ಮಾದರಿ ಸಾಕು" ಎಂದಳು. ಅಂಕಿಅಂಶದ ವಿಷಯದಲ್ಲಿ ಇಷ್ಟು ಪ್ರಾಮಾಣಿಕವಾದ ವಾದವನ್ನು ನಾನು ಯಾವ ವಿಚಾರಸಂಕಿರಣದಲ್ಲೂ ಕೇಳಿಲ್ಲ.

ಲಕ್ಕಪ್ಪನವರ ಮನೆಯಿಂದ ಹೊರಟಾಗ ಈ ಸಲ ಮನೆಮಂದಿಯೆಲ್ಲ ಜೊತೆಗೆ ಬಂದರು. ಬೇಲಿ ದಾಟುತ್ತಿದ್ದಂತೆ ರಾಜಲಕ್ಷ್ಮಮ್ಮ ಕೈ ಚಾಚಿದರು. "ಈಗ ಕೊಡಿ ಅದನ್ನ." ಅಳುವ ಮುಖವನ್ನು ಅವರೇ ಆರಿಸಿ ತೆಗೆದು ಹೇಮಶ್ರೀಯ ಕೈಗಿಟ್ಟು, "ಇದೂ ಸಾಲ್ದು. ಇದಕ್ಕಿಂತ ಜೋರಾಗಿ ಅಳೋದು ಇಲ್ವೇನವ್ವ?" ಎಂದರು.

"ಇದೇ ಕೊನೇದು ಅಮ್ಮ."

"ನಿಮ್ಮೋರು ಮಳೆಗಾಲದಲ್ಲಿ ಬಂದಿಲ್ಲ ಬಿಡು, ಅದ್ಕೇ ಬರ್ದಿಲ್ಲ."

ಗಂಗಾಮಣಿ ಮಗನನ್ನು ಸೊಂಟದಲ್ಲಿಟ್ಟುಕೊಂಡು ಹಿಂದೆ ಬರುತ್ತಿದ್ದರು. ಅಂಗನವಾಡಿಯ ಪುಸ್ತಕದಲ್ಲಿ ಆ ಮಗು ಅಭಿಷೇಕ್. ಊರ ಬಾಯಲ್ಲಿ ಬಂಡೆಪ್ಪ. "ಹೊಟ್ಟೇಲಿ ಇನ್ನೊಂದು ಐತೆ ಕಣ್ರೀ. ಇದೂ ಆಷಾಢಕ್ಕೇ. ಮತ್ತೆ ಅದೇ ಬಂಡೆ ಅಂದ್ರೆ ನಾನೊಪ್ಪಲ್ಲ. ಬಂಡೆಪ್ಪ ಅನ್ನೋ ಹೆಸ್ರು ಖರ್ಚಾಗೋಯ್ತು" ಎಂದರು. ಎಲ್ಲರೂ ನಕ್ಕರು. ಗಂಗಾಮಣಿಯೂ ನಕ್ಕರು. ಆದರೆ ಬಂಡೆಯ ಹತ್ತಿರ ಬಂದಾಗ ಅವರು ಮಾತ್ರ ಅದನ್ನು ಮೆಟ್ಟದೆ ಬಳಸಿಕೊಂಡು ಹೋದದ್ದನ್ನು ನಾನು ನೋಡಿದೆ. ಅದಕ್ಕೂ ಕೋಡ್ ಇಲ್ಲ.

ಹೊಸ ಸರಾಸರಿ ಐದಕ್ಕೆ ಒಂದು ದಶಾಂಶ ಆರು. ಅದನ್ನು ಹಾಕಿ ಲೆಕ್ಕ ಮಾಡಿದರೆ ಕಿರುಹಡ್ಲು ನಲವತ್ತಮೂರನೆಯ ಸ್ಥಾನದಿಂದ ನಾಲ್ಕಕ್ಕೆ ಬರುತ್ತದೆ. ತಮಗೆ ಬರೆದೆ. ತಮ್ಮ ಮೊದಲ ಉತ್ತರ: "ವಿಧಾನ ಪ್ರಮಾಣೀಕೃತವಲ್ಲ. ಊಟ ಮಾಡಿದ ಸಂಶೋಧಕ ತಟಸ್ಥನಲ್ಲ." ಎಷ್ಟು ದೊಡ್ಡ ಮಾತು. ಹಾಗಾದರೆ ನಿಧಿಯವರ ಔತಣದಲ್ಲಿ ಸಿಗಡಿ ತಿಂದು ರೂಪಿಸಿದ ಪ್ರಶ್ನಾವಳಿ ಉಪವಾಸದ ಫಲವೇ? ಹಣ ಕೊಟ್ಟವರ ಊಟ ತಿಂದರೆ ತಟಸ್ಥ, ಸಂಕ ಕೇಳುವವರ ಊಟ ತಿಂದರೆ ಪಕ್ಷಪಾತಿ ಎಂಬ ಸೂತ್ರ ಯಾವ ಪುಸ್ತಕದಲ್ಲಿದೆ? ಇನ್ನು ಒಂದೇ ಊರಿನಲ್ಲಿ ಮರುಸಮೀಕ್ಷೆ ಮಾಡಿದರೆ ಉಳಿದ ನಲವತ್ತೆರಡಕ್ಕೆ ಅನ್ಯಾಯವಲ್ಲವೇ ಎಂದಿರಿ. ಇದು ನ್ಯಾಯವಾದ ಪ್ರಶ್ನೆ, ಒಪ್ಪುತ್ತೇನೆ. ಉಳಿದ ನಮೂನೆಗಳನ್ನೂ ತೆಗೆದು ನೋಡಿದೆ. ಸಂಜೆ, ಮನೆಯೊಳಗೆ, ಊಟಕ್ಕೆ ಮೊದಲು ಪ್ರಶ್ನೆ ಕೇಳಿದ್ದು ಕೊಯ್ಲಿನ ಎಂಟು ಊರುಗಳಲ್ಲಿ ಮಾತ್ರ. ಎಂಟೂ ಪಟ್ಟಿಯ ತಳದಲ್ಲಿವೆ. ಉಳಿದ ಕಡೆ ಹಗಲಲ್ಲಿ, ಗದ್ದೆಯ ಬದುವಿನ ಮೇಲೆ, ದಾರಿಯಲ್ಲಿ ಕೇಳಿದ್ದಾರೆ. ಅಲ್ಲಿನ ಜನ ಇದ್ದದ್ದನ್ನು ಹೇಳಿದ್ದಾರೆ. ಎಂಟು ಊರುಗಳನ್ನು ಮತ್ತೆ ಕೇಳಲು ಹತ್ತು ದಿನ ಸಾಕು. ಹೊಟ್ಟೆ ಗಟ್ಟಿಯಿರುವ ನಾಲ್ಕು ಜನ ಬೇಕು, ಅಷ್ಟೇ.

ಎರಡನೆಯ ಉತ್ತರದಲ್ಲಿ ತಾವು "ಸಂಬಂಧಪಟ್ಟ ಮಹಿಳೆ ಮಳೆಗಾಲಕ್ಕೆ ಮುಂಚಿತವಾಗಿ ಸ್ಥಳಾಂತರಗೊಳ್ಳಬಹುದಲ್ಲವೇ?" ಎಂದು ಕೇಳಿದಿರಿ. ಕೇಳಿನೋಡಿದೆ. ಗಂಗಾಮಣಿಯ ತವರು ಬಿಸಿಲೆಯ ಆಚೆ. ಅಲ್ಲಿಗೆ ಅಡ್ಡ ಎರಡು ಹಳ್ಳ. ಮೂರನೆಯ ಉತ್ತರ ಒಂದೇ ಸಾಲು: "ದತ್ತಾಂಶವನ್ನು ಸ್ತಂಭನಗೊಳಿಸಲಾಗಿದೆ." ಅಂದರೆ ಇನ್ನು ತಿದ್ದುವಂತಿಲ್ಲ. ದತ್ತಾಂಶ ಸ್ತಂಭನಗೊಳ್ಳಬಹುದು, ನಿರ್ದೇಶಕರೇ. ಹಳ್ಳಕ್ಕೆ ಆ ಆದೇಶದ ಪ್ರತಿ ತಲುಪಿಲ್ಲ.

ತಾವು ಕೆಟ್ಟವರೆಂದು ಬರೆಯುತ್ತಿಲ್ಲ. ನನ್ನ ಲೇಖನಗಳನ್ನು ತಿದ್ದಿದವರು, ನನ್ನನ್ನು ಈ ಹುದ್ದೆಗೆ ತಂದವರು ತಾವೇ. ಪ್ರಕಟವಾದ ಕೋಷ್ಟಕವನ್ನು ಹಿಂದಕ್ಕೆ ಪಡೆದರೆ ಸಂಸ್ಥೆಯ ಹೆಸರಿಗೆ ಕುಂದು ಎಂಬ ಭಯ ನನಗೂ ಅರ್ಥವಾಗುತ್ತದೆ. ಆದರೆ ತಪ್ಪು ನನ್ನದೆಂದು ನಾನೇ ಬರೆದುಕೊಡುತ್ತಿದ್ದೇನಲ್ಲ, ಕುಂದು ನನ್ನ ತಲೆಗೇ ಬರಲಿ. ತಾವು ಮಾಡಬೇಕಾದದ್ದು ಇಷ್ಟೇ: ಎಂಟು ಊರುಗಳನ್ನು ಮತ್ತೆ ಕೇಳಲು ಅನುಮತಿ ಕೊಡಿ, ಐವತ್ತೆರಡನೆಯ ಪುಟದ ಚೌಕಟ್ಟನ್ನು ತೆಗೆಯಿರಿ, ಇಪ್ಪತ್ತೆಂಟರಂದು ಸಮಿತಿಯ ಮೇಜಿನ ಮೇಲೆ ಹಳೆಯ ಕೋಷ್ಟಕದ ಪಕ್ಕದಲ್ಲಿ ಹೊಸದನ್ನೂ ಇಡಿ. ಆರಿಸುವುದು ಅವರ ಇಷ್ಟ. ಒಲ್ಲೆನೆಂದರೆ ವರದಿಯ ಮೊದಲ ಲೇಖಕನೆಂಬ ಜಾಗದಿಂದ ನನ್ನ ಹೆಸರನ್ನು ಹೊಡೆದುಹಾಕಿ, ಯಾಕೆ ಹೊಡೆದಿರಿ ಎಂಬುದನ್ನೂ ಅಲ್ಲೇ ಅಚ್ಚು ಮಾಡಿಸಿ.

ಹಳ್ಳದ ದಡದಲ್ಲಿ ಬೀಳ್ಕೊಡುವಾಗ ಗಂಗಾಮಣಿ ಕೇಳಿದ್ದರು: "ಬರ್ಕೊಂಡಿದ್ದನ್ನ ಯಾರಿಗೆ ಕೊಡ್ತೀರಾ?" ನಮ್ಮ ನಿರ್ದೇಶಕರಿಗೆ ಎಂದೆ. "ಅವ್ರು ಎಂಥೋರು?" ಒಳ್ಳೆಯವರು, ಸ್ವಲ್ಪ ದೂರದಲ್ಲಿದ್ದಾರೆ ಎಂದೆ. "ಹಂಗಾದ್ರೆ ಹತ್ರ ಕರೀರಿ" ಎಂದರು.

ಕರೆಯುತ್ತಿದ್ದೇನೆ. ಇಪ್ಪತ್ತೆಂಟರಿಂದ ಎಣಿಸಿದರೆ ಸಂಕ ಕಟ್ಟಲು ಹತ್ತು ವಾರ ಬೇಕು. ಮಳೆ ಹಿಡಿಯಲು ಹತ್ತು ವಾರ ಇದೆ. ಮಗು ಹುಟ್ಟಲು ಹದಿನೈದು. ಉಳಿದೆಲ್ಲ ಅಂಕಿಗಳ ಬಗ್ಗೆ ನಾವಿಬ್ಬರೂ ವರ್ಷಗಟ್ಟಲೆ ವಾದ ಮಾಡಬಹುದು. ಈ ಮೂರರ ಬಗ್ಗೆ ಮಾಡುವಂತಿಲ್ಲ.

ಇಂತಿ,
ಈ ಪತ್ರ ಅಚ್ಚಾಗುವ ದಿನದವರೆಗಾದರೂ ತಮ್ಮ ಹಿರಿಯ ಅರ್ಥಶಾಸ್ತ್ರಜ್ಞ,
ಅದರಾಚೆಗೆ ಕುಂದೂರು ಹೋಬಳಿಯ ತಾಯಮ್ಮನ ಮಗ,
ಮಹಾದೇವಯ್ಯ
ಸಕಲೇಶಪುರ, ೬ ಮಾರ್ಚ್ ೨೦೦೨